ಗೌಡರ ಸಗಣಿ ರುಮಾಲು

ದುಂಡಪ್ಪಗೌಡನ ತಲೆಯ ಮೇಲಿನ ಸಗಣಿಯ ನಾತ ಎಂಥದೆಂದರೆ, ಆಚೆ ಊರು ಮೇಲವಂಕಿಯಲ್ಲಿ ಎದ್ದ ನೊಣ ನೇರ ಅಲ್ಲಿಗೇ ಬಂದು ಇಳಿಯುತ್ತಿತ್ತು. ಇನ್ನೂ ದೂರದ ಸಂಕೇಶ್ವರದ ನೊಣಗಳು ಬುತ್ತಿ ಕಟ್ಟಿಕೊಂಡು ಹಿಂದಿನ ದಿನವೇ ಹೊರಡುತ್ತಿದ್ದವು. ಅಕ್ಕ ಯಮನವ್ವ ಮೂಗಿಗೆ ಸೆರಗು ಹಿಡಿದೇ ಅವನ ಮುಂದೆ ರೊಟ್ಟಿ ಮುರಿದಿಡುತ್ತಿದ್ದಳು. ಅವನು ಮುಟ್ಟುತ್ತಿರಲಿಲ್ಲ.

ಪ್ಲೇಗಿನಲ್ಲಿ ಹೆಂಡತಿ, ಮಕ್ಕಳು ಒಟ್ಟಿಗೇ ಹೋದ ಮೇಲೆ ಗೌಡನ ಬುದ್ಧಿ ಕೆಟ್ಟಿತ್ತು. ತಲೆಯೊಳಗೆ ಬೆಂಕಿ ಉರಿಯುತ್ತಿದೆ ಎಂದು ಎಮ್ಮೆಯ ಹಸಿ ಸಗಣಿಯನ್ನು ರುಮಾಲಿನಂತೆ ಮೆತ್ತಿಕೊಳ್ಳುವನು. ಆದರೂ ಉರಿ ಆರದಿದ್ದರೆ ಹೊಳೆಗೆ ಹಾರುವನು. ಪ್ರತಿ ಸಲವೂ ಯಮನವ್ವನೇ ಜುಟ್ಟು ಹಿಡಿದು ಎಳೆದು ತಂದಿದ್ದಳು. ಮುಂದಿನ ಸಲ ಜುಟ್ಟು ಕೈಗೆ ಸಿಕ್ಕೀತೆಂಬ ಭರವಸೆ ಅವಳಿಗಿರಲಿಲ್ಲ.

“ಕುಲಕರ್ಣ್ಯಾರ, ನನ್ನ ತಮ್ಮನ್ನ ಮಿರಜಿ ಡಾಕ್ಟರ ಹಂತ್ಯಾಕ ಒಯ್ಯೂನು. ಬಂಡಿ ಹೂಡಾಕ ಆಳಿಗೆ ಹೇಳ್ರಿ.”

“ಗೌಡರಿಗೆ ಏನಾಗೇದ?” ಎಂದ ಕುಲಕರ್ಣಿ ಅಂತೋಬಾ. “ಪ್ಲೇಗಿಗೆ ಸರಕಾರದ ಹೊಸ ಹುಕುಂ ಬಂದದ. ಅವರು ಮೊದಲು ಮಾಡಿ ತೋರಸ್ಲಿಕ್ಕತ್ತಾರ, ಅಷ್ಟ.”

ಯಾವ ಕಾಗದ ಮುಂದಿಟ್ಟರೂ ಕಣ್ಣು ಮುಚ್ಚಿ ಸಿಕ್ಕಾ ಒತ್ತುವ ಗೌಡ ಸಿಕ್ಕಿರುವಾಗ ಅವನನ್ನು ಗುಣಪಡಿಸುವಷ್ಟು ದಡ್ಡನಾಗಿರಲಿಲ್ಲ ಅಂತೋಬಾ. ಊರಿನವರೂ ನಂಬಿದರು. ಪ್ಲೇಗೆಂದು ಮನೆಯ ಹಂಚು ಕೀಳಿಸಿದ, ಹಾಸಿಗೆ ಸುಡಿಸಿದ ಸರಕಾರ ಸಗಣಿ ಹಚ್ಚಿಸದೆ ಬಿಟ್ಟೀತೆ? ವಾಲಿಕಾರ ಬೀರಸಿದ್ದಪ್ಪ ಡಂಗುರ ಸಾರಿದ. ಸಂಜೆಯೊಳಗೆ ಮದುಮಗನ ಬಾಸಿಂಗದ ಕೆಳಗೂ ಸಗಣಿ, ತೊಟ್ಟಿಲ ಕೂಸಿಗೂ ಅಂಗೈಯಷ್ಟು ಸಗಣಿ. ಬೇಡಿಕೆ ತಡೆಯಲಾರದೆ ಊರ ಎಮ್ಮೆಗಳು ಬಡಕಲಾದವು.

ತಲೆ ತೊಳೆದುಕೊಂಡು ತಿರುಗುವವಳು ಯಮನವ್ವ ಒಬ್ಬಳೇ. ಆದ್ದರಿಂದ ಹುಚ್ಚು ಹಿಡಿದದ್ದು ಅವಳಿಗೇ ಎಂದು ಅಂತೋಬಾ ಮೇಲಿನವರಿಗೆ ತಿಳಿಸಿದ.

ಅವಳನ್ನು ಹುಚ್ಚರ ದವಾಖಾನೆಗೆ ಕಳಿಸಲು ತಾಲೂಕಿನ ಮಾಮಲೇದಾರ ಸಾಹೇಬರು ಕುದುರೆಯೇರಿ ಬಂದರು. ಚಾವಡಿಯ ಮುಂದೆ ಸಾವಿರ ಸಗಣಿ ತಲೆಗಳು ಒಮ್ಮೆಲೇ ಬಾಗಿದವು. ಸಾಹೇಬರು ಬೆವರಿದರು. ಇಂಥದೊಂದು ಹುಕುಮನ್ನು ತಾವು ಓದಿಯೇ ಇಲ್ಲ; ಓದಿಲ್ಲವೆಂದು ಇವರೆದುರು ಒಪ್ಪಿಕೊಳ್ಳುವುದು ಹೇಗೆ?

“ಹಸೀದು ಐತೇನು?” ಎಂದು ಕೇಳಿ ಪಗಡಿ ತೆಗೆದರು.

ಬೀರಸಿದ್ದಪ್ಪ ಎರಡೂ ಕೈಯಿಂದ ಮೆತ್ತಿದ. ಹಸಿರು ನೀರು ಹುಬ್ಬಿನಿಂದ ಮೀಸೆಗೆ, ಮೀಸೆಯಿಂದ ತುಟಿಗೆ ಇಳಿಯಿತು. ಸಾಹೇಬರು ತುಟಿ ನೆಕ್ಕಿಕೊಂಡು ವಿಚಾರಣೆ ಶುರು ಮಾಡಿದರು. ಯಮನವ್ವ ಮೂಗಿನ ಸೆರಗು ಬಿಗಿ ಮಾಡಿಕೊಂಡು ಮುಂದೆ ಬಂದು ನಿಂತಳು.

“ನಿನ್ನ ತೆಲಿಗೆ ಯಾಕಿಲ್ಲ?”

“ಅದು ಎಮ್ಮಿ ಹೆಂಡಿ ಐತ್ರಿ, ಸಾಹೇಬ್ರ.”

“ಬರಕೋರಿ ಕುಲಕರ್ಣಿ,” ಎಂದರು ಸಾಹೇಬರು. “ಪೂರಾ ಹುಚ್ಚಿ. ನಾಳೆ ಒಯ್ರಿ.”

ತಾನು ಹೋದರೆ ಹೊಳೆಯಲ್ಲಿ ತಮ್ಮನ ಜುಟ್ಟು ಹಿಡಿಯುವವರು ಯಾರು? ಯಮನವ್ವ ಸುತ್ತ ನೋಡಿದಳು. ನೆಟ್ಟಗಿನ ಮಾತು ಕೇಳುವ ಕಿವಿ ಆ ಚಾವಡಿಯಲ್ಲಿ ಒಂದೂ ಇರಲಿಲ್ಲ. ನಡೆಯುತ್ತಿದ್ದುದು ಗೌಡನ ಬಾಯಿಯ ಮಾತೊಂದೇ. ಅವಳು ಬೀರಸಿದ್ದಪ್ಪನ ಸಗಣಿ ಬುಟ್ಟಿಗೆ ಕೈ ಹಾಕಿ, ಉಸಿರು ಬಿಗಿಹಿಡಿದು, ಒಂದು ಹಿಡಿ ಎತ್ತಿ ತನ್ನ ತಲೆಗೆ ಬಡಿದುಕೊಂಡಳು. ಅದು ಕಿವಿಯೊಳಗೆ ಜಿನುಗಿತು.

ಚಾವಡಿಯ ಕಟ್ಟೆಯ ಮೇಲೆ ಕೂತಿದ್ದ ಗೌಡ ಎಷ್ಟೋ ದಿನಗಳ ಮೇಲೆ ಅವಳ ಮುಖ ನೋಡಿದ. “ಅಕ್ಕಾ, ನಿನ್ನ ತೆಲಿನೂ ಉರ್ಯಾಕತ್ತೇತೇನ?”

“ಉರ್ಯಾಕತ್ತೇತಿ ತಮ್ಮಾ. ಮಿರಜಿಗೆ ಹೋದ್ರ ಆರತೈತಂತ. ಬಂಡಿ ಹೂಡ್ರಿ ಅನ್ನು.”

“ಬಂಡಿ ಹೂಡ್ರಿ,” ಎಂದ ಗೌಡ.

ಅಂತೋಬಾ ಬಾಯಿ ತೆರೆದ. ಗೌಡನ ಮಾತೇ ಹುಕುಂ ಎಂದು ಊರಿಗೆ ಕಲಿಸಿದವನು ಅವನೇ. ತೆರೆದ ಬಾಯಿ ಮುಚ್ಚುವುದರೊಳಗೆ ಎತ್ತುಗಳು ನೊಗಕ್ಕೆ ಬಿದ್ದಿದ್ದವು. ಇದೂ ತಾವು ಓದದ ಹುಕುಮೇ ಇರಬೇಕೆಂದು ಸಾಹೇಬರು ಸರಿದು ದಾರಿ ಬಿಟ್ಟರು.

ಹೊಳೆಯ ದಂಡೆಯಲ್ಲಿ ಯಮನವ್ವ ಬಂಡಿ ನಿಲ್ಲಿಸಿ ತಮ್ಮನ ತಲೆ ತೊಳೆದಳು, ತನ್ನದನ್ನೂ ತೊಳೆದುಕೊಂಡಳು. ಆ ನೀರು ಸೋಕಿದ ಮೀನುಗಳು ಕೃಷ್ಣೆ ಕೂಡುವ ತನಕ ಹಿಂದಿರುಗಿ ನೋಡಲಿಲ್ಲ. ಗೌಡ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದ.

ಹಿಂದೆ ನೋಡಿದರೆ, ಸಾಹೇಬರನ್ನು ಮುಂದಿಟ್ಟುಕೊಂಡು ಇಡೀ ಊರೇ ದಂಡೆಗೆ ಬಂದಿತ್ತು. ಬಿಸಿಲಿಗೆ ಸಗಣಿ ಒಣಗಿ ಬಿರಿಯುತ್ತಿತ್ತು. ನೀರು ಅವರ ಕಾಲ ಬಳಿಯೇ ಹರಿಯುತ್ತಿತ್ತು.

“ಯವ್ವಾ,” ಎಂದು ಬೀರಸಿದ್ದಪ್ಪ ಕೂಗಿದ, “ಗೌಡ್ರನ್ನ ಒಂದ ಮಾತ ಕೇಳವಾ. ನಾವು ತೊಳಕೋಬೇಕೋ, ಬ್ಯಾಡೋ?”

“ಮಲಗ್ಯಾನ,” ಎಂದಳು ಯಮನವ್ವ. ಕ್ಯಾಕರಿಸಿ ನೀರಿಗೆ ಉಗುಳಿ, ಬಂಡಿ ಹೊಡೆಸಿದಳು.