ಎರಡೂ ಎಡತೋಳು

ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದ ಅಜ್ಜಿ ಮನೆಗೆ ಬಂದ ದಿನವೇ ಚಿಕ್ಕಪ್ಪನ ದನಿ ಬದಲಾಯಿತು. ಅದಕ್ಕೆ ಮೊದಲು ತಾಯಿ ಮಗ ಇಬ್ಬರೂ ಒಂದು ಕಾಲರಿನ ಅಳತೆಗೆ ನಮ್ಮ ಹೊಲಿಗೆ ಅಂಗಡಿಯಲ್ಲೇ ಕಿತ್ತಾಡುತ್ತಿದ್ದರು. ಜಗಳ ಮುಗಿಯಲೆಂದು ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿದ್ದರು. ಈಗ ಅವನು ತೊಟ್ಟಿಲ ಕೂಸನ್ನು ಮಾತಾಡಿಸುವ ಹಾಗೆ ಮಾತಾಡಿಸತೊಡಗಿದ. "ಅಬ್ಬಾ, ಪೂರ್ತಿ ಊಟ ಮಾಡ್ಬಿಟ್ಟಿದ್ದೀಯಲ್ಲಮ್ಮ, ಜಾಣೆ." ನಲವತ್ತು ವರ್ಷ ಕತ್ತರಿ ಹಿಡಿದು ಅವನನ್ನೂ ನನ್ನಪ್ಪನನ್ನೂ ಸಾಕಿದ ಹೆಂಗಸು, ತಟ್ಟೆ ಖಾಲಿ ಮಾಡಿದ್ದಕ್ಕೆ ಜಾಣೆ.

ಡಾಕ್ಟರು ಹೇಳಿದ್ದು ಎರಡೇ ಮಾತು. ಬಲಗೈಗೆ ಕೆಲಸ ಕೊಡಿ, ಮನಸ್ಸು ಕುಗ್ಗದ ಹಾಗೆ ನೋಡಿಕೊಳ್ಳಿ. ಚಿಕ್ಕಪ್ಪ ಮೊದಲನೆಯದನ್ನು ಅರ್ಧ ಕೇಳಿಸಿಕೊಂಡು ಎರಡನೆಯದಕ್ಕೆ ಜೋತುಬಿದ್ದ. ಚಿಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಹಿರಿಯರ ಜೊತೆ ಹೇಗೆ ಮಾತಾಡಬೇಕು ಅನ್ನುವ ಪಟ್ಟಿಯನ್ನು ಫೋನಿನಲ್ಲಿ ಓದಿ ನಮಗೆಲ್ಲ ಪಾಠ ಮಾಡಿದಳು. ತಪ್ಪು ಎತ್ತಿ ತೋರಿಸಬಾರದು. ಇಲ್ಲ ಅನ್ನಬಾರದು. ದಿನಕ್ಕೆ ಮೂರು ಸಲವಾದರೂ ಹೊಗಳಬೇಕು. ಅವಳು ಆ ಹೊಗಳಿಕೆಯನ್ನು ಮಾತ್ರೆಯ ಜೊತೆಗೇ ಕೊಟ್ಟು ಮುಗಿಸುತ್ತಿದ್ದಳು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅಜ್ಜಿಗೆ ಮೇಜು ಹಾಕಿಕೊಟ್ಟರು. ದಿನಕ್ಕೊಂದು ಶರ್ಟಿನ ಬಟ್ಟೆ, ತಾರೀಖು ಹಾಕಿದ ಅಳತೆ ಚೀಟಿ. "ಆರ್ಡರ್ ಅಮ್ಮ, ನಿನ್ನ ಕೈಯೇ ಬೇಕಂತೆ." ಆರ್ಡರೂ ಇಲ್ಲ, ಮಣ್ಣೂ ಇಲ್ಲ. ಬಣ್ಣ ಮಾಸಿ ಮಾರಾಟವಾಗದೆ ಉಳಿದ ಬಟ್ಟೆ. ಅಜ್ಜಿಯ ಕಣ್ಣಿಗೆ ಟೇಪಿನ ಸಣ್ಣ ಗೀಟುಗಳು ಕಾಣುತ್ತಿರಲಿಲ್ಲ. ಕಾಜಾ ಗುಂಡಿ ಹೊಲಿಯುವ ಕೆಲಸ ನನ್ನದು. ಅದರ ನಡುವೆ ಹೋಗಿ ಅಳತೆ ಓದಿ ಬಟ್ಟೆಯ ಮೇಲೆ ಚುಕ್ಕಿ ಇಟ್ಟುಬರುತ್ತಿದ್ದೆ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ಅವಳು ಕತ್ತರಿಸುತ್ತಿದ್ದಳು. ಗೆರೆ ಒಂದು ಕಡೆ, ಕತ್ತರಿ ಒಂದು ಕಡೆ. ಚಿಕ್ಕಪ್ಪ ಬಂದು, "ಈ ಕೈಗೆ ಸಾಟಿ ಯಾರಮ್ಮ," ಅನ್ನುತ್ತಿದ್ದ. ಸಂಜೆ ಆ ತುಂಡುಗಳನ್ನು ಚೀಟಿ ಸಮೇತ ಕಟ್ಟಿ ಮೆಟ್ಟಿಲ ಕೆಳಗಿನ ಗೋಣಿಚೀಲಕ್ಕೆ ತುರುಕುವುದೂ ನನ್ನ ಕೆಲಸವೇ. ತುರುಕಿದೆ. ಈ ಮನೆಯ ಒಳ್ಳೆಯತನದಲ್ಲಿ ನನಗೂ ಪಾಲಿತ್ತು.

ಅಜ್ಜಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಕೈ ಮತ್ತೆ ಬರುತ್ತಿದೆಯೋ, ಇಲ್ಲವೋ. ಬರುತ್ತಿದ್ದರೆ ಅಂಗಡಿಯ ಮುಂದಿನ ಮೇಜಿಗೆ ವಾಪಸು. ಇಲ್ಲದಿದ್ದರೆ ಕತ್ತರಿ ಎತ್ತಿಟ್ಟುಬಿಡುತ್ತೇನೆ ಅನ್ನುತ್ತಿದ್ದಳು. ಚಿಕ್ಕಮ್ಮನ ಉತ್ತರವೂ ಒಂದೇ. "ಅದನ್ನೆಲ್ಲ ಯಾಕೆ ತಲೆಗೆ ಹಚ್ಕೋತೀರ ಅತ್ತೆ, ಆರಾಮಾಗಿರಿ."

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಹಿಂದಿನ ಕೋಣೆಗೆ ಹೋದಾಗ ಮೇಜಿನ ಮೇಲೆ ಎರಡು ತೋಳುಗಳಿದ್ದವು. ಅಚ್ಚಿನ ಬಟ್ಟೆ, ಒಳಮೈ ಹೊರಮೈ ಬೇರೆ ಬೇರೆ. ತೋಳಿಗೆ ನನ್ನ ಚುಕ್ಕಿ ಬೇಡ, ತೋಳಿನ ಆಕಾರದ ರಟ್ಟಿಟ್ಟು ಅಜ್ಜಿಯೇ ಗೆರೆ ಎಳೆಯುತ್ತಿದ್ದಳು. ಇಂಥ ಬಟ್ಟೆಯಲ್ಲಿ ಒಂದು ತೋಳು ಕತ್ತರಿಸಿದ ಮೇಲೆ ಆ ರಟ್ಟನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಮಗುಚದಿದ್ದರೆ ಎರಡೂ ಒಂದೇ ಕೈಗೆ. ಮೊದಲ ವಾರದಲ್ಲೇ ಎಲ್ಲರೂ ಕಲಿಯುವ ಪಾಠ.

ಚಿಕ್ಕಪ್ಪ ಬಂದ. ಗಿರಾಕಿಯ ಬಟ್ಟೆಯಲ್ಲಿ ಒಂದು ನೂಲು ಎದ್ದಿದ್ದರೂ ಹೊರಗೇ ನಿಲ್ಲಿಸಿ ವಾಪಸು ಕಳಿಸುವ ಮನುಷ್ಯ. ತೋಳುಗಳನ್ನು ಎತ್ತಿ ಹಿಡಿದು, "ಆಹಾ, ಪಕ್ಕಾ ಜೋಡಿ," ಅಂದ. ಚಿಕ್ಕಮ್ಮ ಬಾಗಿಲಿಂದಲೇ, "ನೀವಿದ್ರೇನೇ ಅತ್ತೆ ಅಂಗಡಿಗೆ ಕಳೆ," ಅಂದಳು. ಇಬ್ಬರೂ ಹೋದರು.

ಅಜ್ಜಿ ನನ್ನನ್ನು ನೋಡಿದಳು. "ನೀನೂ ಒಂದಿಷ್ಟು ಹೊಗಳ್ಬಿಡೇ. ನಿನ್ನ ಸರದಿ ಬಾಕಿ ಇದೆ."

"ಎರಡೂ ಎಡತೋಳು ಅಜ್ಜಿ."

"ಬೇಕಂತಲೇ ಕತ್ತರಿಸ್ದೆ. ನನ್ನ ಕೈ ಹೋಗಿದ್ಯೋ ಇವನ ಕಣ್ಣು ಹೋಗಿದ್ಯೋ ಗೊತ್ತಾಗ್ಬೇಕಿತ್ತು." ನಿನ್ನೆಯ ಬೆನ್ನಿನ ತುಂಡನ್ನು ನನ್ನ ಕಡೆ ತಳ್ಳಿದಳು. "ಇದು ಬೇಕಂತ ಮಾಡಿದ್ದಲ್ಲ. ಗೆರೆಯಿಂದ ಎಷ್ಟು ಜಾರಿದೆ, ಹೇಳು."

ಇಲ್ಲೂ ಸುಳ್ಳು ಹೇಳಬಹುದಿತ್ತು. ಟೇಪು ಹಿಡಿದೆ. "ಅರ್ಧ ಇಂಚು."

"ಅದು ಶರ್ಟಲ್ಲ, ಚೀಲ." ತುಂಡನ್ನು ಪಕ್ಕಕ್ಕೆ ಸರಿಸಿದಳು. "ಕತ್ತರಿ ಒಳಗಿಟ್ಬಿಡು."

ಕತ್ತರಿ ಎತ್ತಿಕೊಂಡಾಗ ನನಗೆ ಹೊಳೆಯಿತು, ಮೊದಮೊದಲು ಇದಕ್ಕಿಂತ ಅಧ್ವಾನವಿತ್ತು ಅಂತ. ಹೋಗಿ ಗೋಣಿಚೀಲ ಎಳೆದು ತಂದು ನೆಲದ ಮೇಲೆ ಸುರಿದೆ. ತಾರೀಖಿನ ಪ್ರಕಾರ ಬೆನ್ನಿನ ತುಂಡುಗಳನ್ನು ಸಾಲಾಗಿ ಹಾಸಿ ಅಳೆಯುತ್ತಾ ಹೋದೆ. ಮೊದಲ ವಾರ ಒಂದೂವರೆ ಇಂಚು. ತಿಂಗಳ ಕೊನೆಗೆ ಒಂದು. ಆಮೇಲೆ ಮುಕ್ಕಾಲು. ಅಜ್ಜಿ ಕಡೆಯದನ್ನು ಎರಡು ಸಲ ಅಳೆಸಿದಳು.

ನಮ್ಮ ಮಾತಿನ ಸದ್ದಿಗೆ ಚಿಕ್ಕಪ್ಪ ಓಡಿ ಬಂದ. ಚೀಲ ಕಂಡಿತು. ಆದರೂ ಆ ದನಿ ಬಿಡಲಿಲ್ಲ. "ಅಮ್ಮ, ಇದೆಲ್ಲ ಯಾಕೀಗ, ಸುಸ್ತಾಗುತ್ತೆ ನಿಂಗೆ. ಬೇಜಾರಾಗ್ಬಾರ್ದು ಅಂತ ನಾವು..."

"ಮುಚ್ಚು ಬಾಯಿ. ನನ್ನ ಕೈ ಸುಧಾರಿಸ್ತಾ ಇತ್ತು. ನೀನು ಅದನ್ನ ಮೆಟ್ಟಿಲ ಕೆಳಗೆ ಬಚ್ಚಿಟ್ಟಿದ್ದೆ. ಸತ್ತವರನ್ನ ಕಣೋ ಜನ ಹೀಗೆ ಹೊಗಳೋದು."

ಚಿಕ್ಕಪ್ಪನ ಕಣ್ಣು ತುಂಬಿತು. ಅದು ಅವನಿಗೆ ಯಾವಾಗಲೂ ಸಲೀಸು.

ಮರುದಿನದಿಂದ ನಾನು ಪ್ರತಿ ತುಂಡನ್ನೂ ಅಳೆದು ಹೇಳುತ್ತೇನೆ. ಅವಳು ನನ್ನನ್ನು ಬಯ್ಯುತ್ತಾಳೆ, ಕತ್ತರಿಯನ್ನು ಬಯ್ಯುತ್ತಾಳೆ, ಮತ್ತೆ ಕತ್ತರಿಸುತ್ತಾಳೆ. ಈಗ ಕಾಲು ಇಂಚಿಗೆ ಬಂದು ಮೂರು ವಾರವಾಯಿತು, ಅಲ್ಲೇ ನಿಂತಿದೆ. ಕಾಲು ಇಂಚು ಹೊಲಿಗೆಯೊಳಗೆ ಮುಚ್ಚಿಹೋಗುತ್ತೆ ಅಂತ ಚಿಕ್ಕಪ್ಪ ತಲೆ ಹಾಕಿದ. "ನಿನ್ನ ಹೊಲಿಗೆಯಲ್ಲಿ ಹೋಗುತ್ತೆ," ಅಂದಳು ಅಜ್ಜಿ.

ನಿನ್ನೆ ಚಿಕ್ಕಮ್ಮ ಮಾತ್ರೆ ಹಿಡಿದು ನಿಂತಿದ್ದಾಗಲೇ ಅಜ್ಜಿ ನನ್ನನ್ನು ಕೇಳಿದಳು. "ಇನ್ನೂ ಕಮ್ಮಿ ಆಗುತ್ತೇನೇ?"

"ಗೊತ್ತಿಲ್ಲ ಅಜ್ಜಿ. ಆಗ್ದೇನೂ ಇರ್ಬಹುದು."

ಚಿಕ್ಕಮ್ಮ ನನ್ನನ್ನು ನುಂಗುವ ಹಾಗೆ ನೋಡಿದಳು. "ಕಲ್ಲು ಕಣೇ ನೀನು," ಅಂದಳು.

ಅಜ್ಜಿ ಮಾತ್ರೆ ನುಂಗಿ ನೀರು ಕುಡಿದಳು. ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದಳು. "ಸರಿ," ಅಂದಳು. "ಇನ್ನೊಂದು ಬಟ್ಟೆ ಹಾಸು."