ಎಡವಿದ ಸಾಲು

ಸೋಮವಾರ ಬೆಳಿಗ್ಗೆ ವಿಭಾಗದ ಬಾಗಿಲಲ್ಲೇ ಗುಮಾಸ್ತರು ನನ್ನ ಕೈ ಹಿಡಿದುಕೊಂಡರು. “ಮೇಷ್ಟ್ರೇ, ಸ್ವಲ್ಪ ಕೂತ್ಕೊಳ್ಳಿ. ನಮ್ಮ ಹುಡುಗಿ ಹೋಗ್ಬಿಟ್ಲು.”

ಅವಳು ನನ್ನ ಶಿಷ್ಯೆ. ಆಮೇಲೆ ನನ್ನದೇ ವಿಭಾಗದಲ್ಲಿ ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕಿ. ಮೂವತ್ತಮೂರು ವರ್ಷ. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದಳು.

ಅಂದೇ ಮಧ್ಯಾಹ್ನ ಅವಳ ಹೆಸರಿಗೆ ಪತ್ರ ಬಂತು. ಸಂಶೋಧನೆಗೂ ಕಿರಿಯರನ್ನು ತಿದ್ದಿ ಬೆಳೆಸಿದ್ದಕ್ಕೂ ಸೇರಿಸಿ ಕೊಡುವ ಯುವ ವಿಜ್ಞಾನಿ ಪ್ರಶಸ್ತಿ ಅವಳದಾಗಿತ್ತು. ಈ ಸಲ ಶಿಫಾರಸು ಬರೆದವರು ಅವಳ ವಿದ್ಯಾರ್ಥಿಗಳು.

ಹೋದ ವರ್ಷ ಬರೆದವನು ನಾನು. ಪ್ರಶಸ್ತಿಯ ಪ್ರಕಟಣೆಯಲ್ಲಿ ಮೊದಲ ಪುಟ ಮಾತ್ರ ಓದಿ, ಅದು ಸಂಶೋಧನೆಗಷ್ಟೇ ಎಂದು ತಿಳಿದು ಬರೆದೆ. ಪತ್ರವನ್ನು ಪ್ರಶಸ್ತಿಯ ಜಾಲತಾಣಕ್ಕೆ ಏರಿಸಲು ತೊಡಕಾಗಿ ಅವಳನ್ನೇ ಕರೆದೆ. “ನಾನು ಓದಲ್ಲ ಮೇಷ್ಟ್ರೇ. ಹೊಗಳಿಕೆ ಓದಿದ್ರೆ ಆಯಸ್ಸು ಕಮ್ಮಿಯಾಗುತ್ತಂತೆ,” ಎಂದು ನಕ್ಕು, ಕಣ್ಣು ಮುಚ್ಚಿಕೊಂಡೇ ಗುಂಡಿ ಒತ್ತಿದಳು. ಪ್ರಶಸ್ತಿ ಬರಲಿಲ್ಲ. ಕಿರಿಯರ ಮಾರ್ಗದರ್ಶನದ ಬಗ್ಗೆ ಶಿಫಾರಸಿನಲ್ಲಿ ಹೇಳಿದ್ದು ಸಾಲದೆಂದು ನನಗೆ ಉತ್ತರ ಬಂತು. ಆಗ ಪ್ರಕಟಣೆಯ ಎರಡನೆಯ ಪುಟ ಓದಿದೆ. ಓದಿಯೂ ಬಾಯಿ ಬಿಡಲಿಲ್ಲ.

ಶ್ರದ್ಧಾಂಜಲಿ ಸಭೆಯ ಹಿಂದಿನ ದಿನ ಅವಳ ತಾಯಿ ನನ್ನ ಕೋಣೆಗೆ ಬಂದರು. “ಹೋದ ವರ್ಷ ನೀವು ಬರೆದದ್ದನ್ನೇ ನಾಳೆ ಓದಿಬಿಡಿ. ಮೇಷ್ಟ್ರು ನನ್ನ ಬಗ್ಗೆ ಬರೆದಿದಾರಮ್ಮ ಅಂತ ತಿಂಗಳುಗಟ್ಟಲೆ ಕುಣೀತಿದ್ಲು.”

ಬೇರೆ ಪತ್ರ ಬರೆದುಕೊಂಡು ಹೋಗಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಹೊಸ ಹಾಳೆ ಎದುರಿಗಿಟ್ಟುಕೊಂಡು ಸಂಜೆಯವರೆಗೆ ಕೂತೆ. ದೇವರ ಮುಂದೆ ನಿಂತು ಆ ಹಾಳೆಯನ್ನು ಹಿಡಿಯಲಾರೆ ಅನ್ನಿಸಿ ಮಡಿಸಿಟ್ಟೆ.

ಅವಳದೊಂದು ಕಲಿಸುವ ಕ್ರಮವಿತ್ತು. ಪ್ರೋಗ್ರಾಂ ಕೆಟ್ಟಿತೆಂದು ಯಾರೇ ಬರಲಿ, ಪಕ್ಕದಲ್ಲಿ ಕೂರಿಸಿಕೊಂಡು ಅವರು ಬರೆದದ್ದನ್ನು ಅವರಿಂದಲೇ ಗಟ್ಟಿಯಾಗಿ ಓದಿಸುವಳು. “ನೀನು ಎಲ್ಲಿ ಎಡವ್ತೀಯೋ ತಪ್ಪು ಅಲ್ಲೇ ಇರುತ್ತೆ ಕಣೋ.” ಹೊತ್ತು ದಂಡವೆಂದು ನಾನು ಮೂದಲಿಸುತ್ತಿದ್ದೆ.

ಮರುದಿನ ಹಳೆಯ ಪತ್ರವನ್ನೇ ಓದತೊಡಗಿದೆ. ಅವಳ ಸಂಶೋಧನೆಯ ಮಾತು ಸರಾಗವಾಗಿ ಸಾಗಿತು. ಆಮೇಲೆ ಆ ಸಾಲು: “ವಿದ್ಯಾರ್ಥಿಗಳ ಜೊತೆ ಕಳೆಯುವ ಹೊತ್ತನ್ನು ಉಳಿಸಿದ್ದರೆ...” ನಾಲಿಗೆ ತೊಡರಿತು. ಮತ್ತೆ ಶುರುಮಾಡಿದೆ, ಮತ್ತೆ ಅಲ್ಲೇ ನಿಂತೆ. ಮುಂದೆ ಕೂತಿದ್ದ ಅವಳ ವಿದ್ಯಾರ್ಥಿಗಳು ತಲೆಯೆತ್ತಿ ನೋಡಿದರು. ಎಡವಿದ್ದರ ಅರ್ಥವನ್ನು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

“...ಇವಳು ಇನ್ನೂ ದೊಡ್ಡ ಕೆಲಸ ಮಾಡುತ್ತಿದ್ದಳು,” ಎಂದು ಓದಿ ಮುಗಿಸಿದೆ. “ಹೋದ ವರ್ಷ ಪ್ರಶಸ್ತಿ ತಪ್ಪಿದ್ದು ಈ ಸಾಲಿನಿಂದ. ಗೊತ್ತಿದ್ದೂ ಅವಳಿಗೆ ಹೇಳಲಿಲ್ಲ.”

ತಾಯಿ ಎದ್ದು ನನ್ನ ಬಳಿ ಬಂದರು. “ಅವಳು ಓದಿರಲಿಲ್ಲವಲ್ಲ,” ಎಂದರು. “ಅಷ್ಟೇ ಸಾಕು.”

ನನಗೆ ಸಾಲದು. ಭಗವಂತಾ, ನನ್ನ ಮೇಲಿನ ನಂಬಿಕೆಯಿಂದ ಅವಳು ಕಣ್ಣು ಮುಚ್ಚಿದ್ದಳು. ಈಗ ಮುಚ್ಚಿದ ಆ ಕಣ್ಣುಗಳಿಗೆ ನಿನ್ನ ಬೆಳಕು ಕಾಣಲಿ. ನಿನ್ನ ಮಡಿಲಲ್ಲಿ ಅವಳ ಆತ್ಮ ತಣ್ಣಗಿರಲಿ.