ಪಿಸುಗುಟ್ಟುವ ಹೆಣ

“ಸತ್ತು ತುಂಬ ಹೊತ್ತೇನೂ ಆಗಿಲ್ಲ,” ಎಂದು ಡಾಕ್ಟರು ಮಂಡಿಯೂರಿ ಹೇಳುತ್ತಿದ್ದಾಗ ಹೆಣಕ್ಕೆ ಮೂಗಿನ ತುದಿ ತಡೆಯಲಾರದಷ್ಟು ಕಡಿಯುತ್ತಿತ್ತು.

ಕೆರೆದುಕೊಳ್ಳುವಂತಿಲ್ಲ. ಎದೆ ಅಲುಗದ ಹಾಗೆ ಉಸಿರನ್ನು ಹೊಟ್ಟೆಗಿಳಿಸಿಕೊಂಡು, ರೆಪ್ಪೆಯನ್ನು ಒಂದೆಳೆಯಷ್ಟು ತೆರೆದು, ಅವನು ಹಲ್ಲಿನ ಆಸ್ಪತ್ರೆಯ ನೆಲದ ಮೇಲೆ ಅಂಗಾತ ಬಿದ್ದಿದ್ದ. ಗೋಡೆಯಲ್ಲಿ ಬೇರುಸಮೇತ ಕಿತ್ತ ದವಡೆಹಲ್ಲಿನ ಆಳೆತ್ತರದ ಚಿತ್ರ. ಕೆನ್ನೆಯ ಪಕ್ಕ ಹರಿದಿದ್ದ ರಕ್ತ ಡಾಕ್ಟರದೇ ಕೊಡುಗೆ: ಹಲ್ಲಿನ ಕೊಳೆ ಎದ್ದು ಕಾಣಲೆಂದು ರೋಗಿಗಳಿಗೆ ಅಗಿಯಲು ಕೊಡುವ ಕೆಂಪು ಮಾತ್ರೆಯನ್ನು ನೀರಿಗೆ ಹಾಕಿದ್ದು. ನೋಡುವುದಕ್ಕೆ ಥೇಟ್ ರಕ್ತ, ಆದರೆ ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಸೋಮವಾರ ಡ್ರೈವಿಂಗ್ ಶಾಲೆಯಲ್ಲಿ ಅವನ ಪಕ್ಕ ಕೂತು ಕಾರು ಕಲಿಯುವವರು ಅವನ ಕಿವಿಯನ್ನು ನೋಡಿ ಗೇರು ಮರೆಯುತ್ತಿದ್ದರು.

ಅವನ ಕಸುಬು ಕಾರು ಕಲಿಸುವುದು. ಆದರೆ ಬೂದುಕೋಟು ಅಭಿಮಾನಿ ಸಂಘದಲ್ಲಿ ಅವನಿಗೆ ಇದ್ದದ್ದು ಒಂದೇ ಹೆಸರು. “ಹೆಣ ಬಂತಾ? ಹೆಣಕ್ಕೆ ಚಹಾ ಕೊಡಿ. ಹೆಣ ಯಾಕೋ ಇವತ್ತು ಸಪ್ಪಗಿದೆ.”

ಬೂದುಕೋಟು ಎಂದರೆ ಪುಸ್ತಕದ ಪತ್ತೇದಾರ. ಅಷ್ಟೂ ಕಾದಂಬರಿಗಳಲ್ಲಿ ಅವನಿಗೆ ಬೇರೆ ಹೆಸರಿಲ್ಲ. ಸೆಕೆಯಿರಲಿ ಚಳಿಯಿರಲಿ, ಮೈಮೇಲೆ ಅದೇ ಬೂದು ಕೋಟು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಸಂಘದವರು ಡಾಕ್ಟರ ಆಸ್ಪತ್ರೆಯಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ ಸೇರಿ, ಒಂದು ಕಾದಂಬರಿಯ ಕೊನೆಯ ಅಧ್ಯಾಯವನ್ನು ಆಡುತ್ತಿದ್ದರು. ಬೂದುಕೋಟು ಎಲ್ಲರನ್ನೂ ಕೂರಿಸಿ ಕೊಲೆಗಾರನತ್ತ ಬೆರಳು ತೋರಿಸುವ ಅಧ್ಯಾಯ. ಸಂಘದ ಹುಟ್ಟಿನಿಂದಲೂ ಇದ್ದ ನಿಯಮ ಒಂದೇ: ಬೂದುಕೋಟು ತಪ್ಪುವುದಿಲ್ಲ. ಅವನು ಯಾರತ್ತ ಬೆರಳು ತೋರಿದರೆ ಅವರು ಎದ್ದು ನಿಂತು ಒಪ್ಪಿಕೊಳ್ಳಬೇಕು. ಎಲ್ಲರೂ ಪುಸ್ತಕ ಓದಿದವರೇ ಆದ್ದರಿಂದ ಈ ನಿಯಮಕ್ಕೆ ಇಂದಿನತನಕ ಕೆಲಸವೇ ಬಿದ್ದಿರಲಿಲ್ಲ.

ಕೋಟು ಡಾಕ್ಟರದು. ಅವರನ್ನು ಬಿಟ್ಟು ಇನ್ನೊಬ್ಬರು ಅದನ್ನು ತೊಟ್ಟದ್ದಿಲ್ಲ. ಅವನಿಗೆ ಈ ಗೀಳು ಹಿಡಿಸಿದ್ದೂ ಅವರೇ. ಹಿಂದೊಮ್ಮೆ ಹುಳುಕು ಹಲ್ಲಿನ ದವಡೆ ಹಿಡಿದುಕೊಂಡು ಬಂದವನ ಬಾಯಿಗೆ ಹತ್ತಿ ತುರುಕಿ, ಕೊರೆಯುತ್ತ ಕೊರೆಯುತ್ತ ಕತೆ ಶುರುಮಾಡಿ, ಬೀಗ ಹಾಕಿದ ಕೋಣೆಯೊಳಗೆ ಚಾಕು ಹೇಗೆ ಬಂತು ಅನ್ನುವಲ್ಲಿಗೆ ನಿಲ್ಲಿಸಿ, “ಉಳಿದದ್ದು ಮುಂದಿನ ವಾರ, ಹಲ್ಲು ತುಂಬುವಾಗ,” ಎಂದುಬಿಟ್ಟಿದ್ದರು. ಅವನು ನೋವು ಮರೆತು ವಾರವಿಡೀ ಚಾಕುವನ್ನೇ ಯೋಚಿಸಿದ್ದ. ಆಮೇಲೆ ಚೆನ್ನಾಗಿದ್ದ ಹಲ್ಲನ್ನೂ ತೋರಿಸಲು ಹೋಗುತ್ತಿದ್ದ.

ಕೆಲವು ವರ್ಷಗಳಿಂದ ಡಾಕ್ಟರಿಗೆ ಮರೆವು. ಮೊದಮೊದಲು ಒಂದು ಹೆಸರು, ಒಂದು ಊರು. ಆಮೇಲೆ ವಾಕ್ಯಗಳೇ ಕೈಕೊಡತೊಡಗಿದವು. ಅವರು ಹೆಣದ ಮೇಲೆ ಬಾಗಿ ಬೆಪ್ಪಾಗಿ ನಿಂತ ಮೊದಲ ಸಲವೇ ಹೆಣ ತುಟಿ ಅಲುಗಿಸದೆ ಪಿಸುಗುಟ್ಟಿತ್ತು: “ಮೇಜಿನ ಕಾಲು... ಗೀರು...” ಡಾಕ್ಟರು ಸಟ್ಟನೆ ಎದ್ದು, “ಮೇಜಿನ ಕಾಲಿನ ಮೇಲೆ ಈ ಗೀರು ಹೇಗೆ ಬಂತು?” ಎಂದು ಗುಡುಗಿದ್ದರು. ತುಟಿ ಅಲುಗಿಸದೆ ಮಾತಾಡುವುದು ಅವನ ಕಸುಬಿನ ವಿದ್ಯೆ. ಲೈಸೆನ್ಸ್ ಪರೀಕ್ಷೆಯ ದಿನ ಹಿಂದಿನ ಸೀಟಿನಲ್ಲಿ ಇನ್‌ಸ್ಪೆಕ್ಟರು ಕೂತಿರುತ್ತಾರೆ; ಮುಂದೆ ಕೈ ನಡುಗಿಸುತ್ತ ಕೂತ ವಿದ್ಯಾರ್ಥಿಗೆ ಅವನು ರಸ್ತೆಯನ್ನೇ ನೋಡುತ್ತ, “ಕ್ಲಚ್... ಕನ್ನಡಿ... ಈಗ ಬಿಡು,” ಎಂದು ಹೇಳಿಕೊಡುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ.

ಹಾಗೆ ಮೂರು ವರ್ಷ ಕೊಲೆಗಾರರನ್ನೆಲ್ಲ ಹಿಡಿದದ್ದು ಹೆಣವೇ. ಚಪ್ಪಾಳೆ ಮಾತ್ರ ಕೋಟಿಗೆ. ಅವನಿಗೆ ಹೊಟ್ಟೆಕಿಚ್ಚೆಂದಲ್ಲ, ಆದರೂ ಒಮ್ಮೆ, ಒಂದೇ ಒಂದು ಸಲ, ಆ ಕೋಟು ತೊಟ್ಟು ನೆಟ್ಟಗೆ ನಿಂತು ಬೆರಳು ತೋರಿಸಬೇಕೆಂಬ ಆಸೆ ಒಳಗೊಳಗೇ ಬೇರೂರಿಬಿಟ್ಟಿತ್ತು. ಮನೆಗೆ ಹೋದರೆ ಹೆಂಡತಿ, “ಬಂದ್ರಾ ಸತ್ತು? ಅಷ್ಟು ಜನರಲ್ಲಿ ಎದ್ದು ನಿಲ್ಲೋ ಪಾತ್ರ ಒಂದೂ ಇಲ್ವಾ ನಿಮಗೆ?” ಎಂದು ಚುಚ್ಚುತ್ತಿದ್ದಳು.

ಇವತ್ತು ಹೊಳೆಯಾಚೆಯ ಊರಿನ ಅಭಿಮಾನಿ ಸಂಘ ನೋಡಲು ಬಂದಿತ್ತು. ಕೋಟು ಹೊಲಿದ ಟೈಲರಮ್ಮನೇ ಈ ಊರಿನ ಸಂಘದ ಕಾರ್ಯದರ್ಶಿ. ಶುರುವಾಗುವ ಮುಂಚೆ ಅವನ ಕಾಲರಿಗೆ ಕೆಂಪು ನೀರು ಸವರುತ್ತ ಆಕೆ ಮೆಲ್ಲಗೆ, “ನೋಡಪ್ಪಾ, ಅವರೆದುರು ಡಾಕ್ಟರು ಇವತ್ತು ಎಡವಿದರೆ ಕೋಟು ನಿನಗೆ ಅಂತ ಎಲ್ಲರೂ ಮಾತಾಡಿಕೊಂಡಿದ್ದೀವಿ. ತೋಳು ಒಂದಿಷ್ಟು ಬಿಚ್ಚಿದರೆ ಆಯ್ತು,” ಎಂದಿದ್ದರು. ಹಾಗಾಗಿ ಅವನು ಹೆಂಡತಿಯನ್ನೂ ಕರೆತಂದಿದ್ದ. ಅವಳು ಬಾಗಿಲ ಬಳಿ ಕೂತು, ರೋಗಿಗಳಿಗೆಂದು ಇಟ್ಟ ಹಳೆಯ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

“ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ,” ಎಂದರು ಡಾಕ್ಟರು. ದನಿ ಕಂಚಿನಂತಿತ್ತು. “ಅವನು ಎಡಗೈಯಲ್ಲಿ...”

ನಿಂತಿತು.

ಎಡಗೈಯಲ್ಲಿ ಕೈಗವಸು ಹಾಕಿಕೊಂಡಿದ್ದ, ಅವನೇ ಸೋದರಳಿಯ. ಹೆಣದ ನಾಲಿಗೆಯ ತುದಿಗೆ ಬಂದಿತ್ತು. ಸೋದರಳಿಯನ ಪಾತ್ರದ ಪೋಸ್ಟ್‌ಮಾಸ್ಟರು ಏಳಲು ಸಿದ್ಧರಾಗಿ ಗಂಟಲು ಸರಿಮಾಡಿಕೊಂಡದ್ದೂ ಕೇಳಿಸಿತು. ಡಾಕ್ಟರು ಮತ್ತೆ ಮಂಡಿಯೂರಿದರು. ಕೋಟಿನ ಅಂಚು ಅವನ ಕೈಗೆ ತಾಗಿತು. ಅವರ ಕಿವಿ ಅವನ ಬಾಯಿಗೆ ಅಷ್ಟು ಹತ್ತಿರವಿತ್ತು.

ಸುಮ್ಮನಿದ್ದರೆ ಸಾಕು. ಹೆಣ ಸುಮ್ಮನಿದ್ದರೆ ತಪ್ಪು ಅನ್ನುವವರು ಯಾರು?

ಅವನು ಸುಮ್ಮನಿದ್ದ. ಕಾರಿನಲ್ಲಿ ಅವನ ಕಾಲ ಕೆಳಗೆ ಇನ್ನೊಂದು ಬ್ರೇಕು ಇರುತ್ತದೆ, ಎದುರಿಗೆ ಲಾರಿ ಬಂದರೆ ಒತ್ತಲಿಕ್ಕೆ. ಈಗ ಲಾರಿ ಬರುತ್ತಿತ್ತು, ಅವನು ಕಾಲು ಎತ್ತಿಟ್ಟುಕೊಂಡು ಕೂತಿದ್ದ. ಎದೆ ಡವಗುಟ್ಟಿ ಅಂಗಿ ಅಲುಗಿತು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಡಾಕ್ಟರು ಎದ್ದರು. ನಿಧಾನವಾಗಿ ಒಬ್ಬೊಬ್ಬರ ಮುಖವನ್ನೂ ನೋಡಿದರು, ಬಾಯಿ ತೆರೆಸಿ ಹಲ್ಲು ನೋಡುವವರ ಹಾಗೆ. ಬೆರಳು ಮೇಲೆದ್ದಿತು. ಪೋಸ್ಟ್‌ಮಾಸ್ಟರನ್ನು ದಾಟಿ ಮುಂದೆ ಹೋಗಿ, ಮನೆಯೊಡತಿಯ ಪಾತ್ರದಲ್ಲಿ ಹೆಣೆಯುತ್ತ ಕೂತಿದ್ದ ಟೈಲರಮ್ಮನ ಮೇಲೆ ನಿಂತಿತು.

“ನೀವು.”

ಹೊಳೆಯಾಚೆಯವರ ಸಾಲಿನಲ್ಲಿ ಗುಜುಗುಜು ಎದ್ದಿತು. ಟೈಲರಮ್ಮ ಹೆಣಿಗೆ ಕೆಳಗಿಟ್ಟು, ಕನ್ನಡಕ ತೆಗೆದು, ಎದ್ದು ನಿಂತರು.

“ಹೌದು, ನಾನೇ ಕೊಂದೆ,” ಎಂದರು. “ದಿನಾ ಬೂಟು ಹಾಕ್ಕೊಂಡೇ ಮೆಟ್ಟಿಲು ಹತ್ತುತ್ತಿದ್ದ. ಒರೆಸಿ ಒರೆಸಿ ನನ್ನ ಸೊಂಟ ಬಿದ್ದುಹೋಯ್ತು. ಎಷ್ಟು ಸಲ ಅಂತ ಹೇಳೋದು?”

ಬಾಯಿಪಾಠ ಮಾಡಿಕೊಂಡು ಬಂದಿದ್ದ ತಪ್ಪೊಪ್ಪಿಗೆ ವ್ಯರ್ಥವಾಗುವುದನ್ನು ಪೋಸ್ಟ್‌ಮಾಸ್ಟರಿಗೆ ತಾಳಲಾಗಲಿಲ್ಲ. “ನಾನೂ... ಸ್ವಲ್ಪ ಸಹಾಯ ಮಾಡಿದೆ,” ಎಂದರು.

“ಏನ್ರೀ ಇದು!” ಹೊಳೆಯಾಚೆಯ ಅಧ್ಯಕ್ಷರು ಎದ್ದೇಬಿಟ್ಟರು. “ಪುಸ್ತಕದಲ್ಲಿ ಕೊಂದಿದ್ದು ಸೋದರಳಿಯ!”

“ಪುಸ್ತಕ ಬರೆದವರು ನನ್ನನ್ನ ಸರಿಯಾಗಿ ವಿಚಾರಿಸಲಿಲ್ಲ,” ಎಂದರು ಟೈಲರಮ್ಮ. “ಬೂದುಕೋಟು ತಪ್ಪೋದಿಲ್ಲ. ಕೂತ್ಕೊಳ್ಳಿ.”

ಯಾರು ಶುರುಮಾಡಿದರೋ, ಚಪ್ಪಾಳೆ ಬಿತ್ತು. ನೆಲದ ಮೇಲೆ ಮಲಗಿದ್ದವನಿಗೆ ಅದು ಚಾವಣಿಯಿಂದ ಸುರಿದಂತೆ ಕೇಳಿಸಿತು. ಡಾಕ್ಟರು ಬೆರಳು ಇಳಿಸುವುದನ್ನೂ ಮರೆತು ನಿಂತಿದ್ದರು.

ಚಹಾ ಹೊತ್ತಿನಲ್ಲಿ ಹೆಂಡತಿ ಬಳಿಗೆ ಬಂದು ಅವನ ಕಿವಿಯ ಕೆಂಪನ್ನು ಸೆರಗಿನಿಂದ ತಿಕ್ಕಿದಳು. “ಆ ಮುದಿ ಡಾಕ್ಟ್ರು ನಿಮ್ಮ ಮುಖಾನೇ ನೋಡ್ತಾ ಇದ್ರು,” ಎಂದಳು. “ಏನೋ ಕೇಳೋ ಹಾಗೆ. ನೀವು ಕಣ್ಣು ಮುಚ್ಚಿಬಿಟ್ರಿ.” ಅವನು ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ಹಾಕಿ ಒಳಕೋಣೆಗೆ ಹೋದ.

ಡಾಕ್ಟರು ರೋಗಿಗಳ ಕುರ್ಚಿಯಲ್ಲಿ ಕಾಲು ಚಾಚಿ ಒರಗಿದ್ದರು. ಲವಂಗದೆಣ್ಣೆಯ ವಾಸನೆ. ಕೋಟು ಕಳಚಿ ಮಡಿಲಲ್ಲಿಟ್ಟುಕೊಂಡಿದ್ದರು.

“ಬಾಯ್ಯಾ ಹೆಣ. ತಗೋ,” ಎಂದು ಅದನ್ನು ಚಾಚಿದರು. “ನಿನಗಿದು ಬೇಕು ಅಂತ ನನಗೆ ಗೊತ್ತಿಲ್ವಾ? ಇವತ್ತು ಯಾಕೆ ಬಾಯಿ ಬಿಡಲಿಲ್ಲ ಅಂತಾನೂ ಗೊತ್ತು.”

ಅವನ ಮುಖ ಹುಳ್ಳಗಾಯಿತು. ಕೈ ಮುಂದೆ ಬರಲಿಲ್ಲ. “ತಪ್ಪಾಯ್ತು ಡಾಕ್ಟ್ರೇ. ನಿಮ್ಮ ಮರ್ಯಾದೆ ತೆಗೆದೆ.”

“ಮರ್ಯಾದೆಯಾ?” ಡಾಕ್ಟರು ನಕ್ಕರು. ಅವರ ಹಲ್ಲು ಇನ್ನೂ ಎಲ್ಲ ನೆಟ್ಟಗಿದ್ದವು. “ಮೂರು ವರ್ಷದಿಂದ ನಾನು ಒಬ್ಬ ಕೊಲೆಗಾರನನ್ನೂ ಹಿಡಿದಿರಲಿಲ್ಲ ಕಣಯ್ಯಾ. ನೀನು ಹಿಡೀತಿದ್ದೆ, ನಾನು ಕೂಗ್ತಿದ್ದೆ. ಇವತ್ತು ನೀನು ಸುಮ್ಮನಾದೆ ನೋಡು, ಮೈಯೆಲ್ಲ ಬೆವರಿತು. ಆಮೇಲೆ ನಾನೇ ನೋಡಿದೆ. ಒಬ್ಬೊಬ್ಬರನ್ನೂ ನೋಡಿದೆ. ನಾನೇ ಹಿಡಿದೆ.”

“ಕೊಲೆ ಮಾಡದವರನ್ನ ಹಿಡಿದ್ರಿ.”

“ಆಕೆ ಒಪ್ಪಿಕೊಂಡರಲ್ಲ!”

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸುವಾಗ ಡಾಕ್ಟರ ಕೈ ಕೋಟಿನ ಗುಂಡಿಯನ್ನು ಸವರುತ್ತಿತ್ತು, ಬಿಡಲೊಲ್ಲದೆ. ಅವನು ಅದನ್ನು ನೋಡಿದ. ಬಾಗಿ ಕೋಟನ್ನು ಎತ್ತಿ, ಅವರನ್ನು ಎಬ್ಬಿಸಿ, ಬೆನ್ನ ಹಿಂದೆ ಹಿಡಿದು ನಿಂತ. ಅವರು ಒಂದು ತೋಳು ತೂರಿಸಿದರು, ತಡಕಾಡಿ ಇನ್ನೊಂದನ್ನೂ ತೂರಿಸಿದರು.

“ಇದು ನಿಮ್ಮ ಮೈಮೇಲೇ ಇರಲಿ,” ಎಂದ ಅವನು ಕಾಲರು ಸರಿಮಾಡುತ್ತ. “ನನ್ನಾಣೆ, ಇನ್ನು ಹೀಗೆ ಕೈಕೊಡಲ್ಲ. ಮುಂದಿನ ಸಲ ಮೊದಲಿಂದ ಕೊನೇ ತನಕ ಒಂದೊಂದು ಮಾತೂ ಹೇಳಿಕೊಡ್ತೀನಿ. ನೀವು ಸುಮ್ಮನೆ ಕಿವಿ ಕೊಟ್ಟರೆ ಸಾಕು.”

“ಬೇಡ,” ಎಂದರು ಡಾಕ್ಟರು. “ನೀನು ಹೆಣದ ಹಾಗೆ ಸುಮ್ಮನೆ ಬಿದ್ದಿರು, ನಾನೇ ಹಿಡೀತೀನಿ.”